ಬಾಳೆ ತೋಟದ ದಾರಿಗೆ ಮೂರು ಸಲ ಕಬೂಲ್

ಮಾನ್ಯರೇ,

ನಲವತ್ತೊಂದು ವ್ಯವಹಾರ ಹಿಡಿದು ಒಂದರಲ್ಲೂ ಸೋಲು ಕಾಣದವರೂ, ಏಳು ಕರಿ ಕೋಟುಗಳ ನಡುವೆ ಕುಳಿತು ಬೆಳಗುವವರೂ ಆದ ಕಲಬುರಗಿಯ ವಕೀಲ ಲಾಲ್ ಅಹ್ಮದ್ ಸಾಹೇಬರ ಸಮ್ಮುಖಕ್ಕೆ, ಕಮಲಾಪುರದ ಗುಂಡಮ್ಮ ತನ್ನ ದೇವರು ಶರಣಬಸಪ್ಪನನ್ನು ನೆನೆದು ಮಾಡುವ ಶರಣಾರ್ಥಿಗಳು ಮತ್ತು ತಮ್ಮ ಪದ್ಧತಿಯಂತೆ ಸಲಾಂ. ದೇವರ ದಯೆಯಿಂದ ನಾನು ಕ್ಷೇಮ. ನನ್ನ ಮರ್ಯಾದೆಯ ಕ್ಷೇಮ ಸಮಾಚಾರವನ್ನು ಮುಂದೆ ಅರಿಕೆ ಮಾಡುತ್ತೇನೆ. ಇದನ್ನು ತಮ್ಮೊಬ್ಬರಿಗೇ ಅಂಚೆಯಲ್ಲಿ ಕಳಿಸದೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವೆಂದರೆ, ಕಳೆದ ವಾರ ನಮ್ಮೂರಿನ ಇನ್ನಿಬ್ಬರು ಬಂದು ನನ್ನ ವಕೀಲರು ಎಲ್ಲಿ ಸಿಗುತ್ತಾರೆಂದು ಕೇಳಿದ್ದಾರೆ.

ನನಗೆ ಕಮಲಾಪುರದಲ್ಲಿ ಇಪ್ಪತ್ತು ಗುಂಟೆ ಕೆಂಬಾಳೆ ತೋಟವಿದೆ. ಗೊನೆ ಕಡಿದು ಬಸ್ಸಿಗೆ ಹಾಕಿಕೊಂಡು ಬಂದು ಕಲಬುರಗಿಯ ಸೇಡಂ ರಸ್ತೆಯಲ್ಲಿ ಕುಳಿತು ಮಾರುವುದು ನನ್ನ ಬಾಳು. ತೋಟಕ್ಕೆ ಹೋಗುವ ದಾರಿ ಮಾತ್ರ ಹಣಮಂತರಾಯರ ಹೊಲದ ಬದುವಿನ ಮೇಲಿದೆ. ನಮ್ಮತ್ತೆ ನಡೆದ ದಾರಿ, ಅವರ ಅತ್ತೆ ನಡೆದ ದಾರಿ. ಹೆಂಡತಿ ತೀರಿಕೊಂಡ ಮೇಲೆ ಹಣಮಂತರಾಯರಿಗೆ ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲವೋ ಏನೋ, ಒಂದು ದಿನ ವಕೀಲರ ಮೂಲಕ ನನ್ನೊಂದಿಗೆ ಮಾತಾಡಿದರು. ದಾರಿ ನಿಮ್ಮದಲ್ಲ, ಹದಿನೈದು ದಿನದೊಳಗೆ ನಿಮ್ಮ ವಕೀಲರಿಂದ ಉತ್ತರ ಕೊಡಿಸತಕ್ಕದ್ದು, ತಪ್ಪಿದಲ್ಲಿ ಬೇಲಿ ಹಾಕಲಾಗುವುದು ಎಂದು ನೋಟಿಸು ಬಂತು.

ನಾನು ಏಳನೇ ಇಯತ್ತೆ ಕಲಿತವಳು, ಸಾಹೇಬರೇ. ಜ್ವರ ಬಂದರೆ ಯಾವ ದಿನ ಡಾಕ್ಟರ ಬಳಿ ಹೋಗಬೇಕು ಎಂಬುದು ಗೊತ್ತು, ನೋಟಿಸು ಬಂದರೆ ಯಾವ ದಿನ ವಕೀಲರ ಬಳಿ ಹೋಗಬೇಕು ಎಂಬುದನ್ನು ಯಾವ ಮಾಸ್ತರರೂ ಕಲಿಸಿರಲಿಲ್ಲ. ಆದ್ದರಿಂದ ಆ ಕಾಗದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟು, ದಿನಾಲೂ ಊದುಬತ್ತಿ ಬೆಳಗಿ, ಶರಣಬಸಪ್ಪನೇ ಉತ್ತರ ಬರೆಯಲೆಂದು ಒಂಬತ್ತು ದಿನ ಕಾದೆ. ಅವನಿಗೂ ಅನೇಕ ಭಕ್ತರು. ಹತ್ತನೆಯ ದಿನ, ಸೇಡಂ ರಸ್ತೆಯಲ್ಲಿ ನನ್ನ ಪಕ್ಕದಲ್ಲಿ ಬಳೆ ಮಾರುವ ಬಷೀರುನ್ನೀಸಾ ತನ್ನ ಮಗಳು ತಬಸ್ಸುಮಳ ಮದುವೆಯ ಸುದ್ದಿಯನ್ನು ಇಪ್ಪತ್ತನೇ ಸಲ ಹೇಳುತ್ತಿದ್ದಾಗ, ನಾನು ನಡುವೆ ಬಾಯಿ ಹಾಕಿ ನನ್ನ ಕಡೆಯಿಂದ ಮಾತಾಡಲು ಒಬ್ಬ ಒಳ್ಳೆಯ ವಕೀಲರು ಬೇಕೆಂದೆ. "ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ ಅಕ್ಕಾ? ನಮ್ಮ ಲಾಲ್ ಅಹ್ಮದ್ ಮಾಮು ಅದಾರಲ್ಲ! ನಲವತ್ತೊಂದು ಮಂದಿಗಿ ವಕೀಲ ಆಗ್ಯಾರ. ಇವತ್ತಿನ ತನಕ ಒಂದೂ ಮುರದಿಲ್ಲ ನೋಡ್ರಿ," ಎಂದು ಅವಳು ತಮ್ಮ ವಿಳಾಸ ಹೇಳಿದಳು.

ತಮ್ಮ ಆಫೀಸನ್ನು ನಾನು ಎಂದಿಗೂ ಮರೆಯಲಾರೆ. ಒಬ್ಬ ವಕೀಲನಿಗೆ ಒಂದು ಕರಿ ಕೋಟಿರುವುದನ್ನು ಕಂಡಿದ್ದೆ, ತಮ್ಮಲ್ಲಿ ಏಳು ನೇತಾಡುತ್ತಿದ್ದವು. ಎರಡು ಹೊಲಿಗೆ ಯಂತ್ರಗಳೂ ಕಂಡವು. ವಾದ ಮಾಡಿ ಮಾಡಿ ಕೋಟು ಹರಿಯುತ್ತಿರಬೇಕು, ಅದಕ್ಕೇ ದರ್ಜಿಗಳನ್ನು ಆಫೀಸಿನಲ್ಲೇ ಇಟ್ಟುಕೊಂಡಿದ್ದಾರೆ ಎಂದು ನನ್ನ ಭಕ್ತಿ ಇನ್ನೂ ಹೆಚ್ಚಿತು. ಆ ದರ್ಜಿ ತಾವೇ, ಆ ಕೋಟುಗಳು ಊರಿನ ಬೇರೆ ವಕೀಲರವು ಎಂಬುದನ್ನು ಊಹಿಸುವಷ್ಟು ಪಾಪದ ಮನಸ್ಸು ನನ್ನದಾಗಿರಲಿಲ್ಲ.

ತಾವು ಕೇಳಿದ ಒಂದೊಂದು ಪ್ರಶ್ನೆಯೂ ಎಷ್ಟು ಮೃದುವಾಗಿತ್ತು! ಹೆಸರು ಕೇಳಿದಿರಿ, ವಯಸ್ಸು ಕೇಳಿದಿರಿ, ಯಜಮಾನರು ಲಿಂಗೈಕ್ಯರಾಗಿ ಎಷ್ಟು ವರ್ಷವಾಯಿತೆಂದು ಕೇಳಿದಿರಿ. ಎದುರಿನವರು ಯಾರೆಂದಾಗ ಹಣಮಂತರಾಯರೆಂದೆ. "ಎರಡೂ ಕಡಿ ರಾಜಿ ಅದಾರೇನ್ರಿ?" ಎಂದಿರಿ. "ರಾಜಿ ಇದ್ದಿದ್ರ ನಿಮ್ಮ ಹಂತ್ಯಾಕ ಯಾಕ ಬರ್ತಿದ್ದೆರಿ? ಅವರು ಬಿಟ್ರ ನನಗ ಬ್ಯಾರೆ ದಾರಿನೇ ಇಲ್ರಿ ಸಾಹೇಬ್ರ," ಎಂದು ನಾನು ಕಣ್ಣೀರು ತಂದೆ. ತಾವು ಕನ್ನಡಕ ತೆಗೆದು ಒರೆಸಿಕೊಂಡು, "ಇದರಾಗ ನಾಚ್ಕೊಳ್ಳೋದು ಏನದ ಅಕ್ಕಾ? ನಾ ಕೇಳೋದಷ್ಟು ಕೇಳ್ತೀನಿ, ಮುಂದಿಂದು ನಿಮ್ಮ ಸ್ವಾಮಿಗೋಳು ನೋಡ್ಕೊಳ್ತಾರ," ಎಂದಿರಿ. ಕೋರ್ಟಿನಲ್ಲಿ ಜಡ್ಜರನ್ನು ಸ್ವಾಮಿ ಎಂದು ಕರೆಯುತ್ತಾರೆಂದು ಕೇಳಿದ್ದ ನಾನು ತಲೆ ಆಡಿಸಿದೆ. ಬಳಿಕ ಹೊಲಿಗೆ ನಿಲ್ಲಿಸಿದ ತಮ್ಮ ಕೆಲಸದ ಹುಡುಗರು ಕಾಮ್ರಾನ್, ಗುಫ್ರಾನ್ ಇಬ್ಬರನ್ನೂ ಸಾಕ್ಷಿಗೆ ನಿಲ್ಲಿಸಿ, ಹಣಮಂತರಾಯರದೂ ನಿಮ್ಮದೂ ಇನ್ನು ಒಂದೇ ದಾರಿ, ಕಬೂಲಾ ಎಂದು ಮೂರು ಸಲ ಕೇಳಿದಿರಿ. ಕೋರ್ಟಿನ ಕಾಗದಕ್ಕೆಲ್ಲ ಮೂರು ಪ್ರತಿ ಬೇಕಾಗುತ್ತವಂತೆ, ಮಾತಿಗೂ ಅದೇ ಕಾಯದೆ ಇರಬೇಕೆಂದು ನಾನೂ ಮೂರು ಸಲ ಕಬೂಲ್ ಎಂದೆ, ದೇವರಾಣೆ, ಗಟ್ಟಿಯಾಗಿ.

ಹದಿನೈದನೆಯ ದಿನ ಶುಕ್ರವಾರ ತಾವು ಶೇರವಾನಿ ತೊಟ್ಟು, ಅತ್ತರು ಹಚ್ಚಿಕೊಂಡು, ಸಾಕ್ಷಿಗಳಿಬ್ಬರ ಸಮೇತ ಕಮಲಾಪುರದ ಕಟ್ಟೆಗೆ ಬಂದಿಳಿದ ವೈಭವವನ್ನು ಏನೆಂದು ಹೊಗಳಲಿ! ಹೈಕೋರ್ಟಿನ ಭಾರಿ ವಕೀಲರೇ ಬಂದರೆಂದು ಹಣಮಂತರಾಯರು ಹೆಗಲ ಮೇಲಿನ ಟವೆಲ್ಲು ತೆಗೆದು ಎದ್ದು ನಿಂತರು. ಇಬ್ಬರದೂ ಒಂದೇ ದಾರಿ ಕಬೂಲಾ ಎಂದು ತಾವು ಕೇಳಿದಾಗ ಮೊದಲ ಸಲ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಎರಡನೆಯ ಸಲ, "ಒಲ್ಲೆ ಅಂದ್ರ ಏನಾಗ್ತದ್ರಿ?" ಎಂದರು. "ಜಬರದಸ್ತಿ ಏನಿಲ್ರಿ. ಆದ್ರ ಒಂದು ಹೆಣ್ಣಮಗಳ ಮನಸ್ಸು ಮುರೀತದ," ಎಂದಿರಿ. ಈ ಕಲಮು ಯಾವ ಕಾಯದೆ ಪುಸ್ತಕದಲ್ಲಿದೆಯೋ, ಎಷ್ಟು ವರ್ಷ ಜೈಲೋ ಎಂದು ಅವರು ಬೆವತು, ಮೂರನೆಯ ಸಲ ಕಬೂಲ್ ಎಂದು, ತಾವು ಚಾಚಿದ ಪುಸ್ತಕದಲ್ಲಿ ರುಜು ಹಾಕಿದರು. ಅಷ್ಟರಲ್ಲಿ ನನಗೆ ಆನಂದಬಾಷ್ಪ. ತಾವು ಅವರ ಬಾಯಿಗೆ ಖರ್ಜೂರ ಇಟ್ಟು, ಅಪ್ಪಿಕೊಂಡು, "ಮುಬಾರಕ್ ಹೋ! ಇವತ್ತಿನಿಂದ ಅಕ್ಕ ನಿಮ್ಮ ಮನಿ ಬೆಳಗ್ತಾರ," ಎಂದಿರಿ.

ಕಟ್ಟೆಯಲ್ಲಿ ಆಡುತ್ತಿದ್ದ ಬೀಸಣಿಗೆಗಳೆಲ್ಲ ನಿಂತವು.

ತಮ್ಮ ಮುಸಲ್ಮಾನರ ಪೈಕಿ ಮದುವೆಯಲ್ಲಿ ಹುಡುಗಿಯ ಕಡೆಯಿಂದ ನಿಂತು ಅವಳ ಒಪ್ಪಿಗೆ ಕೇಳುವ ಹಿರಿಯರನ್ನೂ ವಕೀಲರೆಂದೇ ಕರೆಯುತ್ತಾರೆ ಎಂಬುದನ್ನು ಬಷೀರುನ್ನೀಸಾ ನನಗೆ ತಿಳಿಸಿದ್ದು ಮರುದಿನ, ಬಳೆಯ ಬುಟ್ಟಿಯ ಮೇಲೆ ಬಿದ್ದು ನಕ್ಕು, ಎರಡು ಡಜನ್ ಒಡೆದ ಮೇಲೆ. ತಾವು ಜಯಿಸಿದ ನಲವತ್ತೊಂದು ವ್ಯವಹಾರಗಳೂ ನಲವತ್ತೊಂದು ಸಂಸಾರಗಳು. ಅವೆಲ್ಲ ಸುಖವಾಗಿರಲಿ. ನಲವತ್ತೆರಡನೆಯದರ ವಿಷಯದಲ್ಲಿ ನನ್ನ ತಕರಾರಿದೆ.

ಹಣಮಂತರಾಯರು ಅಂದೇ ಸಂಜೆ ಬೇಲಿಗೆ ತಂದಿದ್ದ ಮುಳ್ಳನ್ನು ಸ್ವತಃ ಹೊತ್ತೊಯ್ದು ದೂರ ಎಸೆದರು, ಅದನ್ನು ತಮ್ಮ ಕೀರ್ತಿಗೇ ಸೇರಿಸುತ್ತೇನೆ. ಆದರೆ ಸಿಕ್ಕ ದಾರಿಯಲ್ಲಿ ನಾನು ನಡೆಯುವುದು ಹೇಗೆ? ಎದುರುಮನೆಯ ಶೇವಂತಾ, "ಹಾದಿ ಅಷ್ಟ ಸಿಕ್ಕದೋ, ಮನಿ ಕೀಲಿಕೈನೂ ಸಿಕ್ಕದೋ ಗುಂಡವ್ವಾ?" ಎನ್ನುತ್ತಾಳೆ. ಸೋಮವಾರ ಗುಡಿಯಲ್ಲಿ ಸ್ವಾಮಿಗಳು ಪ್ರಸಾದವನ್ನು ಎರಡು ಪಾಲು ಕೊಟ್ಟರು. ಎಂಟನೆಯ ದಿನಕ್ಕೆ ಎರಡನೆಯ ನೋಟಿಸು ಬಂತು: ನಾವು ಕಬೂಲ್ ಎಂದದ್ದು ದಾರಿಗೆ ಮಾತ್ರ, ದಾರಿಗಿಂತ ಹೆಚ್ಚಿನದನ್ನು ನಮ್ಮಿಂದ ಒಪ್ಪಿಸಿಕೊಂಡದ್ದು ತಿಳಿದುಬಂದದ್ದರಿಂದ, ಆ ಕಬೂಲು ರದ್ದು, ಬೇಲಿ ಹಾಕಲಾಗಿದೆ. ಬೇಲಿಯ ಆಚೆ ನೂರಾರು ಗೊನೆ ಬಲಿತು ನಿಂತಿದ್ದವು, ಸಾಹೇಬರೇ, ಹಣ್ಣಾದ ಬಾಳೆ ಯಾರ ತಾರೀಖಿಗೂ ಕಾಯುವುದಿಲ್ಲ.

ಈ ಸಲ ನೋಟಿಸಿಗೆ ವಿಭೂತಿ ಹಚ್ಚಲಿಲ್ಲ. ನನ್ನ ಹಣೆಗೆ ಹಚ್ಚಿಕೊಂಡು ಅದೇ ದಿನದ ಬಸ್ಸಿಗೆ ಕೋರ್ಟಿಗೆ ಹೋದೆ. ಹೆಣ್ಣುಮಕ್ಕಳಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಕೋಣೆಯಲ್ಲಿ ಶೀಲಾ ಎಂಬ ವಕೀಲರು ಸಿಕ್ಕರು. ಅವರ ವಕೀಲಿಕೆಯ ಸನದು ನೋಡಿದೆ, ಇಂಥ ದಾರಿಯ ತಂಟೆ ಎಷ್ಟು ನಡೆಸಿದ್ದೀರಿ ಎಂದು ಕೇಳಿದೆ, ಕೋರ್ಟಿಗೆ ನೀವೇ ಬರುತ್ತೀರೋ ಬೇರೆಯವರನ್ನು ಕಳಿಸುತ್ತೀರೋ ಎಂದೂ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಎಷ್ಟು ವರ್ಷದಿಂದ ನಡೆಯುತ್ತೀರಿ, ಬೇರೆ ಹಾದಿ ಇದೆಯೇ, ಊರಿನ ನಕಾಶೆಯಲ್ಲಿ ಗೆರೆ ಇದೆಯೇ ಎಂದು ವಿಚಾರಿಸಿದರು. ಯಜಮಾನರ ಸುದ್ದಿ ಕೇಳಲೇ ಇಲ್ಲ. "ಮೊದಲನೇ ನೋಟಿಸು ಬಂದ ದಿನಾನೇ ಬರಬೇಕಿತ್ರಿ ಗುಂಡಮ್ಮಾ. ದೇವರಿಗಿ ಕೈ ಮುಗೀರಿ, ಆದ್ರ ಜವಾಬು ಬರಿಯೋ ಕೆಲಸ ಅವನ ಮ್ಯಾಲೆ ಹಾಕಬ್ಯಾಡ್ರಿ," ಎಂದು ಆ ದಿನವೇ ಉತ್ತರ ಕಳಿಸಿದರು. ಹಳೆಯ ನಕಾಶೆಯಲ್ಲಿ ದಾರಿ ಸಿಕ್ಕಿತು, ಮೊನ್ನೆ ಹಣಮಂತರಾಯರು ಶೀಲಾ ಅವರು ಬರೆದ ರಾಜಿ ಪತ್ರದ ಪ್ರತಿ ಸಾಲನ್ನೂ ನಾಲ್ಕು ಸಲ ಓದಿ, ಇದರಲ್ಲಿ ಮದುವೆ ಎಲ್ಲಿಯೂ ಇಲ್ಲವಲ್ಲ ಎಂದು ಕೇಳಿಕೊಂಡು ರುಜು ಮಾಡಿದರು. ಗೊನೆಗಳು ಅರ್ಧ ಉಳಿದವು, ಅರ್ಧ ಬಾವಲಿಗಳ ಪಾಲಾದವು.

ಆದ್ದರಿಂದ ತಮ್ಮಲ್ಲಿ ಸಣ್ಣ ಕೋರಿಕೆಗಳು. ತಾವು ಪುನಃ ಕಮಲಾಪುರಕ್ಕೆ ದಯಮಾಡಿಸಿ, ಅದೇ ಕಟ್ಟೆಯ ಮೇಲೆ ನಿಂತು, ಕೇಳಿದ ಮೂರು ಪ್ರಶ್ನೆಗಳನ್ನು ಕೊನೆಯಿಂದ ಮೊದಲಿಗೆ ವಾಪಸು ಕೇಳಬೇಕು. ಹಣಮಂತರಾಯರು ನುಂಗಿದ ಖರ್ಜೂರವನ್ನು ಹೇಗಾದರೂ ಮಾಡಿ ಹಿಂದಕ್ಕೆ ಪಡೆಯಬೇಕು. ಗುಂಡಮ್ಮ ಯಾರ ಮನೆಯನ್ನೂ ಬೆಳಗುತ್ತಿಲ್ಲ, ಬೇಕಾದವರು ಕರೆಂಟು ಹಾಕಿಸಿಕೊಳ್ಳತಕ್ಕದ್ದು ಎಂದು ಮನೆಮನೆಗೂ ಸಾಕ್ಷಿ ಸಮೇತ ತಿಳಿಸಬೇಕು. ಮತ್ತು ಯಾರೇ ಕಣ್ಣೀರು ಹಾಕಿ ದಾರಿ ಕೇಳಿದರೂ, ಅದು ಎಷ್ಟು ಅಡಿ ಅಗಲದ್ದೆಂದು ಮೊದಲು ವಿಚಾರಿಸಬೇಕು.

ಸಕ್ಕರೆಯಂಥ ಮಾತಿನ ತಮ್ಮಲ್ಲಿ, ಕೋರ್ಟಿನ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ,

ತಮ್ಮ ವಿಶ್ವಾಸಿ,
ಗುಂಡಮ್ಮ, ಕಮಲಾಪುರ

ತಾ.ಕ.: ನಿನ್ನೆ ಹಣಮಂತರಾಯರು ಹೊಸ ಅಂಗಿ ತೊಟ್ಟು ಬದುವಿನ ಮೇಲೆ ನಿಂತು, ಶೇರವಾನಿಯ ಸಾಹೇಬರಾದ ತಮ್ಮ ವಿಳಾಸ ಕೇಳಿದರು. ದಾರಿಯ ಮಾತೋ ಎಂದೆ, ಅಲ್ಲ ಎಂದು ನೆಲ ನೋಡಿದರು. ನಾನು ಕೂಡಲೇ ಬಸ್ಸು ಹತ್ತಿ ಶೀಲಾ ಅವರ ಬಳಿ ಹೋಗಿ, ಇದಕ್ಕೆ ಒಲ್ಲೆ ಎಂದು ಉತ್ತರ ಬರೆಸಬೇಕಿದೆ, ಎಷ್ಟು ದಿನದ ಗಡುವು ಎಂದು ಕೇಳಿದೆ. "ಒಲ್ಲೆ ಅನ್ಲಾಕ ವಕೀಲರು ಯಾಕ್ರಿ ಗುಂಡಮ್ಮಾ? ಅದಕ್ಕ ನೀವೇ ಸಾಕು," ಎಂದರು.