ಒಳಗಿನ ವಯಸ್ಸು

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ, ವರ್ಷ ಕಳೆದಂತೆ ವಯಸ್ಸು ಕಡಿಮೆಯಾಗುತ್ತಾ ಬಂದ ಹೆಂಗಸು ಒಬ್ಬರೇ ಸಿಗುತ್ತಾರೆ. ಅವರು ನಿಮ್ಮ ಸೊರಬದ ಅಜ್ಜಿ. ನಿಮ್ಮ ತಾತನಿಗೆ ಸ್ವಂತ ಅಕ್ಕ, ಹಾಗಾಗಿ ನನಗೂ ಅಕ್ಕ. ಮಕ್ಕಳೇ, ನಗಬೇಡಿ! ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಅವರು ಮೊದಲು, "ಹೊರಗಿಂದೋ, ಒಳಗಿಂದೋ?" ಎಂದು ಕೇಳುತ್ತಿದ್ದರು. ಹೊರಗಿನದು ಈಗ ಎಪ್ಪತ್ತೆಂಟು. ಒಳಗಿನದಕ್ಕೆ ಲೆಕ್ಕವೇ ಬೇರೆ. ಒಂದು ಈಸ್ಟರ್ ಹಬ್ಬಕ್ಕೆ ಹತ್ತೊಂಬತ್ತಾಗಿತ್ತು. ಪಕ್ಕದ ಮನೆಯವರ ಜೊತೆ ಜಗಳವಾಡಿದ ವಾರ ಅರವತ್ತಕ್ಕೆ ಏರಿತ್ತು. ಹೋಗಿ ಕ್ಷಮೆ ಕೇಳಿ ಬಂದ ಮೇಲೆ ಸರ್ರನೆ ಇಳಿಯಿತು.

ಹೊರಗಿನದು ಸವೆದರೆ ಸವೆಯಲಿ, ಒಳಗಿನದನ್ನು ದೇವರು ದಿನಾ ಬೆಳಗ್ಗೆ ಹೊಸದು ಮಾಡುತ್ತಾನೆ ಎಂಬುದು ಅವರ ನಂಬಿಕೆ. ನಾವೂ ಅದನ್ನೇ ನಂಬುತ್ತೇವೆ. ಆದರೆ ನಾವು ಭಾನುವಾರ ಚರ್ಚಿನಲ್ಲಿ ನಂಬುತ್ತೇವೆ, ಅವರು ಬಸ್ಸಿನಲ್ಲೂ ನಂಬುತ್ತಾರೆ!

ಒಮ್ಮೆ ಇಬ್ಬರೂ ಸೊರಬದಿಂದ ಶಿಕಾರಿಪುರಕ್ಕೆ ಬರುತ್ತಿದ್ದೆವು. ಹೆಂಗಸರ ಉಚಿತ ಟಿಕೆಟ್ಟಿಗೆ ಆಧಾರ್ ತೋರಿಸಬೇಕಲ್ಲ? ಕಂಡಕ್ಟರು ಕಾರ್ಡಿನ ಫೋಟೋ ನೋಡಿದ, ಹಲ್ಲೆಲ್ಲ ಉದುರಿದ ಅಕ್ಕನ ಮುಖ ನೋಡಿದ.

"ಇದು ನೀವೇ ಏನ್ರೀ ಅಜ್ಜಿ?"

"ಅದು ಹಳೇಳು ತಮ್ಮ. ನಾನು ಹೊಸಬಳು."

"ಹಂಗಾದ್ರೆ ಹಳೇರಿಗೆ ಫ್ರೀ. ಹೊಸಬರು ದುಡ್ಡು ಕೊಡ್ರಿ."

ಶಿರಾಳಕೊಪ್ಪ ಬರುವವರೆಗೂ ಬಸ್ಸಿಗೆ ಬಸ್ಸೇ ನಕ್ಕಿತು. ಅಕ್ಕನೂ ನಕ್ಕರು. ನಾನೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ್ದೆ.

ಕಣ್ಣಿನ ಪೊರೆ ತೆಗೆಸಿಕೊಂಡಾಗ ನಮ್ಮ ಮನೆಯಲ್ಲೇ ಕೂತು, ಲೋಕವೆಲ್ಲ ಹೊಸದಾಗಿ ಕಾಣುತ್ತಿದೆ ಎಂದು ಸ್ತೋತ್ರ ಮಾಡಿದರು. ಸ್ತೋತ್ರ ಮುಗಿದ ಮರುಗಳಿಗೆಯೇ ನನ್ನ ಅಡುಗೆಮನೆಯ ಜೇಡರಬಲೆ ಕಂಡಿತು. ಮಧ್ಯಾಹ್ನ ಪೂರ್ತಿ ನಾನು ಪೊರಕೆ ಹಿಡಿದು ನಿಂತೆ. ಅವರ ಕಣ್ಣು ಹೊಸದಾದದ್ದಕ್ಕೆ ನನ್ನ ಸೊಂಟ ಹಳೆಯದಾಯಿತು!

ಆಮೇಲೆ ಮಂಡಿ ಹೋಯಿತು. ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿದರೆ ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಬೇಕಾಯಿತು. ಒಂದು ಭಾನುವಾರ ಪಾಸ್ಟರು ಪ್ರಾರ್ಥನೆ ಮುಗಿಸಿ, ಎಲ್ಲರೂ ಎದ್ದು, ಇನ್ನೇನು ಹಾಡು ಶುರುವಾಗಬೇಕು, ಅಕ್ಕ ಕೈ ಎತ್ತಿದರು.

"ಒಂದು ನಿಮಿಷ ತಡೀರಿ ಪಾಸ್ಟರೇ. ನಾನು ಒಳಗೆ ಮಂಡಿ ಊರಿದ್ದೀನಿ. ಇನ್ನೂ ಎದ್ದಿಲ್ಲ."

ಇಡೀ ಸಭೆ ನಿಂತು ಕಾಯಿತು. ಪಾಸ್ಟರೂ ಕಾದರು. ಪಾಪ, ಮಾಡುವುದೇನು?

ನಿಮ್ಮ ಅಜ್ಜಿಯಾದ ನನ್ನ ಕಥೆಯೂ ಇದರಲ್ಲಿ ಸ್ವಲ್ಪ ಬರುತ್ತದೆ. ಪ್ರತಿ ಗುರುವಾರ ಹೆಂಗಸರ ಪ್ರಾರ್ಥನೆ, ಒಂದು ವಾರ ನಮ್ಮಲ್ಲಿ, ಒಂದು ವಾರ ಸೊರಬದಲ್ಲಿ. ಚಾಪೆಯ ಮೇಲೆ ದುಂಡಗೆ ಕೈ ಕೈ ಹಿಡಿದು ಕೂರುತ್ತೇವೆ. ಸರದಿ ಎಡದಿಂದ ಬಲಕ್ಕೆ ಬರುತ್ತದೆ. ಬಾಯಿಬಿಟ್ಟು ಪ್ರಾರ್ಥಿಸಲು ಆಗದವರು ಬಲಗಡೆಯವರ ಕೈಯನ್ನು ಮೆಲ್ಲಗೆ ಅಮುಕಬೇಕು, ಸರದಿ ಅವರಿಗೆ ಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ನಾನು ಅಮುಕಿದವಳೇ! ನಾಲ್ಕು ಜನ ಕಣ್ಣು ಮುಚ್ಚಿ ಕೂತಿದ್ದರೂ ಅವರೆದುರು ಬಾಯಿಬಿಡಲು ನನಗೆ ನಾಚಿಕೆ. ನನ್ನ ಬಲಕ್ಕೆ ಯಾವಾಗಲೂ ಅಕ್ಕ. ಅವರು ನನ್ನ ಪಾಲಿನದನ್ನೂ ಸೇರಿಸಿ ಪ್ರಾರ್ಥಿಸಿ, ಕೊನೆಗೆ ದೇವರಿಗೇ ಚಾಡಿ ಹೇಳುತ್ತಿದ್ದರು: "ಇವಳ ಹೊಟ್ಟೇಲಿ ಬೇಕಾದಷ್ಟಿದೆ ಸ್ವಾಮಿ, ನೀನೇ ಕೇಳು."

ಎರಡು ವರ್ಷದಿಂದ ಅವರ ಕಿವಿಯೂ ಮಂದವಾಗುತ್ತಾ ಬಂತು. ಅದಕ್ಕೆ ಅವರು ಕೊರಗಿದ್ದು ಒಂದೇ ಕಾರಣಕ್ಕೆ.

"ಬೇಗ ಬಾಯಿ ಬಿಡೇ ಮಾರಾಯ್ತಿ. ಹಲ್ಲು ಹೋಯ್ತು, ಮಂಡಿ ಹೋಯ್ತು, ನಾನೇನಾದ್ರೂ ಅತ್ತಿದ್ದೀನಾ? ನಿನ್ನ ಪ್ರಾರ್ಥನೆ ಕೇಳದೇ ಕಿವಿ ಹೋದ್ರೆ ಮಾತ್ರ ಅಳ್ತೀನಿ ನೋಡು."

ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ನಾನು ಕಳೆದೆ. ಕಿವಿ ಪೂರ್ತಿ ಹೋಯಿತು. ಹೋದ ತಿಂಗಳು ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದವು. ಬಾಯಿ ಸೊಟ್ಟಗಾಗಿ ಮಾತೂ ನಿಂತಿತು. ಎರಡು ತಾಲ್ಲೂಕಿಗೆ ಕೇಳುವಂತೆ ಪ್ರಾರ್ಥಿಸುತ್ತಿದ್ದ ಬಾಯಿ ಅದು.

ಆದರೂ ಸೊರಬದ ಗುರುವಾರ ತಪ್ಪಲಿಲ್ಲ. ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಒಳ್ಳೆಯ ಕೈ ಹಿಡಿದಿರೋಣ ಎಂದು ನಾನು ಅವರ ಬಲಕ್ಕೆ ಕೂತೆ. ಹಾಗೆ ಕೂತರೆ ಸರದಿ ನನಗಿಂತ ಮೊದಲು ಅವರಿಗೆ ಬರುತ್ತದೆ ಎಂಬುದು ಈ ಮಂಕುತಲೆಗೆ ಹೊಳೆಯಲೇ ಇಲ್ಲ!

ಎಡಗಡೆಯವರು ಆಮೆನ್ ಎಂದು ಅಕ್ಕನ ಭುಜ ಮುಟ್ಟಿದರು. ಅಕ್ಕ ನನ್ನ ಕೈಯನ್ನು ಮೆಲ್ಲಗೆ ಅಮುಕಿದರು.

ನಾನು ಮುಂದಿನವರ ಕೈ ಅಮುಕಬಹುದಿತ್ತು. ಇಷ್ಟು ವರ್ಷ ಅಕ್ಕ ಒಂದು ಸಲವೂ ಹಾಗೆ ಮಾಡಿರಲಿಲ್ಲ.

"ದೇವರೇ, ನಾನು" ಎಂದೆ. "ಅಕ್ಕನ ಪಕ್ಕ ಕೂರ್ತಿದ್ನಲ್ಲ, ಅವಳು. ಇಷ್ಟು ದಿನ ನನ್ನದೂ ಅವರೇ ಹೇಳ್ತಿದ್ರು. ಈಗ ಅವರ ಕೈಲಿ ಆಗಲ್ಲ. ಅವರನ್ನ ನೋಡ್ಕೋ."

ಅಷ್ಟೇ ಬಂದದ್ದು. ಅಕ್ಕ ಕೈ ಬಿಡಿಸಿಕೊಂಡು ನನ್ನ ಬೆನ್ನ ಮೇಲೆ ಅಂಗೈ ಇಟ್ಟಿದ್ದರು. ಕಿವಿಗೆ ಸಿಗದ ದನಿಯನ್ನು ಕೈಯಲ್ಲಿ ಕೇಳುತ್ತಿದ್ದರೋ ಏನೋ, ಆಮೆನ್ ಎನ್ನುವವರೆಗೂ ತೆಗೆಯಲಿಲ್ಲ.

ಹೊರಡುವಾಗ ಕೈಸನ್ನೆಯಲ್ಲಿ ಕೇಳಿದೆ, ಇವತ್ತು ನಿಮ್ಮ ಒಳಗಿನ ವಯಸ್ಸೆಷ್ಟು ಎಂದು. ಸೊಟ್ಟಬಾಯಲ್ಲೇ ನಕ್ಕು ಒಂದು ಬೆರಳು ಎತ್ತಿದರು. ಒಂದೇ ವರ್ಷವೇ ಎಂದು ನಾನು ಬೆರಗಾಗುವಷ್ಟರಲ್ಲಿ, ಆ ಬೆರಳನ್ನು ತಂದು, ಅದು ನಿನ್ನದು ಎಂಬಂತೆ, ನನ್ನ ಎದೆಗೆ ಒತ್ತಿದರು.