ಸೌಟಪ್ಪನವರ ಸೇವಾ ದಿನ

ಜಗಳ ಶುರುವಾದದ್ದು ಒಂದು ಈರುಳ್ಳಿಯಿಂದ.

ಹೆಂಡತಿ ಹೆಚ್ಚಿಟ್ಟ ಈರುಳ್ಳಿಯನ್ನು ಸೌಟಪ್ಪನವರು ಕನ್ನಡಕ ಏರಿಸಿಕೊಂಡು ನೋಡಿದರು. ಒಂದು ಚೂರನ್ನು ಎತ್ತಿ ಇನ್ನೊಂದರ ಪಕ್ಕದಲ್ಲಿಟ್ಟರು.

"ಇದು ಅಣ್ಣ, ಇದು ತಮ್ಮ. ಎರಡೂ ಒಂದೇ ಅಳತೆ ಇರಬೇಡವಾ? ನಮ್ಮ ರೆಜಿಮೆಂಟಲ್ಲಿ ಯಾರಾದ್ರೂ ಹೀಗೆ ಹೆಚ್ಚಿದ್ರೆ..."

ಹೆಂಡತಿ ಚಾಕುವನ್ನು ಕೆಳಗಿಟ್ಟರು. ಅದನ್ನು ಇಟ್ಟ ರೀತಿ ನೋಡಿಯೇ ಸೌಟಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು.

ಸೈನ್ಯದಲ್ಲಿ ಅವರು ಅಡುಗೆಯವರಾಗಿದ್ದರು. ಆರುನೂರು ಜನಕ್ಕೆ ಬೇಯಿಸಿ ಬಡಿಸಿದ ಕೈ. ನಿವೃತ್ತರಾಗಿ ಮನೆಗೆ ಬಂದಾಗ ಒಂದು ದೊಡ್ಡ ಸೌಟನ್ನು ನೆನಪಿಗೆಂದು ಜೊತೆಗೇ ತಂದಿದ್ದರು. ಕೆಳಗಿನ ಅಂಗಡಿಯ ದರ್ಜಿ ಅದನ್ನು ನೋಡಿದ್ದೇ ತಡ, ಸೌಟಪ್ಪ ಎಂದು ಹೆಸರಿಟ್ಟ. ಒಂದು ವಾರದಲ್ಲಿ ಇಡೀ ಬೀದಿ ಅದನ್ನೇ ಹಿಡಿಯಿತು. ಅದೇನೂ ದೊಡ್ಡ ತೊಂದರೆಯಲ್ಲ. ತೊಂದರೆ ಏನೆಂದರೆ, ಮನೆಯ ಅಡುಗೆಮನೆಯೂ ರೆಜಿಮೆಂಟಿಗೆ ಸೇರಿದ್ದೆಂದು ಅವರು ತಿಳಿದುಬಿಟ್ಟಿದ್ದರು. ಬೆಳಿಗ್ಗೆ ಎದ್ದು ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದು, ಪಾತ್ರೆಗಳ ತಳ ಮುಟ್ಟಿ ನೋಡುವುದು, ಕುದಿಯುವುದರ ಒಳಗೆಲ್ಲ ಮೂಗು ತೂರಿಸುವುದು. ಹೆಂಡತಿಯ ತಲೆ ತಿಂದು ತಿಂದು ಇನ್ನು ತಿನ್ನಲು ಏನೂ ಉಳಿದಿರಲಿಲ್ಲ.

"ರೀ, ಈ ಶಕ್ತಿನೆಲ್ಲ ನಿಮ್ಮ ಮೊಣಕಾಲಿನ ಮೇಲೆ ಖರ್ಚು ಮಾಡಿ" ಎಂದರು ಆಕೆ. "ರಾತ್ರಿಯೆಲ್ಲ ನರಳ್ತೀರಿ. ನಿವೃತ್ತ ಸೈನಿಕರಿಗೆ ಅಂತಲೇ ನೆರವು ಕೇಂದ್ರ ತೆರೆದಿದ್ದಾರೆ. ಶಾಖ ಕೊಡ್ತಾರೆ, ವ್ಯಾಯಾಮ ಮಾಡಿಸ್ತಾರೆ, ಮನೆಯವರಿಗೂ ಏನೇನೋ ಅನುಕೂಲ ಮಾಡಿಕೊಡ್ತಾರೆ."

"ಕೇಂದ್ರಕ್ಕೆ ಹೋಗಿದ್ದೆನಲ್ಲ!"

"ಹೋಗಿದ್ರಿ. ಕಾಲು ತೋರಿಸೋದು ಬಿಟ್ಟು ಸಹಾಯ ಮಾಡೋರ ಗುಂಪಿಗೆ ಸೇರ್ಕೊಂಡು ಬಂದ್ರಿ!"

ಅದು ನಿಜವೇ. ಹೋದ ವಾರ ಸೌಟಪ್ಪನವರು ಕೇಂದ್ರಕ್ಕೆ ಹೋಗಿದ್ದರು. ಮೇಜಿನ ಹಿಂದೆ ಕೂತಿದ್ದ ಮೇಡಂ ನಗುಮುಖದಿಂದ "ಏನಾಗಬೇಕಿತ್ತು?" ಎಂದು ಕೇಳಿದಾಗ ಮೊಣಕಾಲು ಎನ್ನುವ ಮಾತು ಹೊರಗೇ ಬಂದಿರಲಿಲ್ಲ. ಸಹಾಯ ಕೇಳುವುದೇ? ಅದೂ ಆರುನೂರು ಜನಕ್ಕೆ ಅನ್ನ ಹಾಕಿದವರು? "ಸಹಾಯ ಮಾಡೋಕೆ ಬಂದಿದ್ದೀನಿ" ಎಂದುಬಿಟ್ಟರು. ಮೇಡಂ ತುಂಬ ಖುಷಿಪಟ್ಟರು. ಇವತ್ತೇ ಅವರ ಮೊದಲ ಸೇವೆ.

"ಯಾರನ್ನೋ ನೋಡ್ಕೊಳ್ತಾರಂತೆ! ಮೊದಲು ನಿಮ್ಮನ್ನ ನೋಡ್ಕೊಳ್ಳೋರು ಬೇಕು" ಎಂದರು ಹೆಂಡತಿ.

ಸೌಟಪ್ಪನವರಿಗೆ ರೇಗಿತು. ಮೆಟ್ಟಿಲಿಳಿಯುತ್ತ, ದರ್ಜಿಗೂ ಅವನ ಅಂಗಡಿಯಲ್ಲಿ ಕೂತಿದ್ದ ಎದುರುಮನೆಯ ಮೇಷ್ಟರಿಗೂ ಕೇಳಿಸುವ ಹಾಗೆ ಕೂಗಿದರು: "ಸಂಜೆವರೆಗೆ ಒಬ್ಬ ಮನುಷ್ಯನನ್ನ ಚೆನ್ನಾಗಿ ನೋಡ್ಕೊಂಡು ಬಂದ್ರೆ, ಅಡುಗೆಮನೆಯಲ್ಲಿ ನಾನು ಹೇಳಿದ್ದೇ ನಡೀಬೇಕು. ನನ್ನನ್ನೇ ಯಾರಾದ್ರೂ ನೋಡ್ಕೊಳ್ಳೋ ಹಾಗಾದ್ರೆ, ಆ ಶಾಖದ ಮಂಚದ ಮೇಲೆ ಮಲಗ್ತೀನಿ, ಅಡುಗೆಮನೆ ಹೊಸ್ತಿಲು ತುಳಿಯಲ್ಲ!"

"ನೀವಿಬ್ಬರೂ ಸಾಕ್ಷಿ" ಎಂದರು ಹೆಂಡತಿ ಮೇಲಿನಿಂದ.

ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, "ಆಯ್ತಕ್ಕ!" ಎಂದ.

ದಾರಿಯಲ್ಲಿ ಸೌಟಪ್ಪನವರು ಮೇಡಂ ಫೋನಿನಲ್ಲಿ ಹೇಳಿದ್ದನ್ನು ಮತ್ತೆ ನೆನಪು ಮಾಡಿಕೊಂಡರು. ಉದ್ಯಾನದಲ್ಲಿ, ಕಾರಂಜಿಯ ಎದುರಿನ ಬೆಂಚು. ಬರುವವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. "ಸ್ವಲ್ಪ ಸ್ವಾಭಿಮಾನಿ. ನೋಡ್ಕೊಳ್ಳೋಕೆ ಬಂದಿದ್ದೀರಿ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ. ಕೇಂದ್ರದ ಹೊಸ ಗೆಳೆಯ ಅಂತ ಹೇಳಿ ಸಾಕು. ಅವರೊಬ್ಬರನ್ನೇ ಬಿಟ್ಟು ಮಾತ್ರ ಎಲ್ಲೂ ಹೋಗಬೇಡಿ."

ಬೆಂಚಿನ ಮೇಲೆ ಉದ್ದ ಕಾಲಿನ, ಪೊದೆ ಮೀಸೆಯ ಒಬ್ಬರು ಆಗಲೇ ಕೂತಿದ್ದರು. ಸೊಂಟ ಸ್ವಲ್ಪ ಓರೆ. ಪಾಪ, ಎಂದುಕೊಂಡರು ಸೌಟಪ್ಪನವರು.

"ಬನ್ನಿ ಯಜಮಾನರೇ, ನಿಧಾನ, ನಿಧಾನ" ಎಂದು ಡ್ರೈವರ್ ಎದ್ದು ಕೈಕೊಟ್ಟರು.

"ನೀವು ಏಳಬೇಡಿ, ಕೂತ್ಕೊಳ್ಳಿ!" ಎಂದು ಸೌಟಪ್ಪನವರು ಅವರ ಭುಜ ಒತ್ತಿದರು.

ಡ್ರೈವರ್ ಇವರ ಭುಜ ಒತ್ತಿದರು. ಇಬ್ಬರೂ ಒಟ್ಟಿಗೆ ಧೊಪ್ಪೆಂದು ಕೂತರು. ಸೌಟಪ್ಪನವರು ಚೀಲದಿಂದ ಚಹಾದ ಫ್ಲಾಸ್ಕ್ ತೆಗೆದರು. ಡ್ರೈವರ್ ಕೂಡ ಒಂದು ಫ್ಲಾಸ್ಕ್ ತೆಗೆದರು. ಇವರು ಅವರಿಗೆ ಬಗ್ಗಿಸಿದರು, ಅವರು ಇವರಿಗೆ ಬಗ್ಗಿಸಿದರು. ಬೇಡವೆಂದರೆ ಬಡಪಾಯಿಯ ಮನಸ್ಸು ನೊಂದೀತೆಂದು ಸೌಟಪ್ಪನವರು ಕುಡಿದೇ ಕುಡಿದರು. ಡ್ರೈವರ್ ಕೂಡ ಅಷ್ಟೇ ನಿಷ್ಠೆಯಿಂದ ಕುಡಿದರು. ಎರಡೂ ಫ್ಲಾಸ್ಕ್ ಖಾಲಿಯಾದ ಮೇಲೆ ಇಬ್ಬರಿಗೂ ಒಂದೇ ಜಾಗದ ನೆನಪಾಯಿತು.

"ಕೇಂದ್ರದಲ್ಲಿ ಶೌಚಾಲಯ ಇದೆ" ಎಂದರು ಸೌಟಪ್ಪನವರು.

"ನಡೀರಿ, ಕರ್ಕೊಂಡು ಹೋಗ್ತೀನಿ" ಎಂದರು ಡ್ರೈವರ್.

ಕೇಂದ್ರ ರಸ್ತೆಯ ಆಚೆಗಿತ್ತು. ಸೌಟಪ್ಪನವರು ಡ್ರೈವರ್ ಮೊಣಕೈ ಹಿಡಿದರು. ಡ್ರೈವರ್ ಇವರ ಮೊಣಕೈ ಹಿಡಿದರು. ಇವರು ಮುಂದಕ್ಕೆ ಎಳೆದರೆ, ವಾಹನ ಕಂಡ ಕಡೆಯೆಲ್ಲ ಅವರು ಬಲಗಾಲನ್ನು ನೆಲಕ್ಕೆ ಒತ್ತಿ ಬ್ರೇಕ್ ಹಾಕುತ್ತಿದ್ದರು. ರಸ್ತೆಯ ನಟ್ಟನಡುವೆ ಇಬ್ಬರೂ ಸುತ್ತತೊಡಗಿದರು. ಹಾರ್ನುಗಳು ಬಾಯಿ ಮಾಡಿದವು. ಒಬ್ಬ ಪೊಲೀಸಿನವನು ಓಡಿ ಬಂದು, ಎರಡು ಕೈಗೂ ಒಬ್ಬೊಬ್ಬರನ್ನು ಸಿಕ್ಕಿಸಿಕೊಂಡು, ಬಹಳ ಪ್ರೀತಿಯಿಂದ ಉದ್ಯಾನದ ಕಡೆಗೇ ವಾಪಸು ತಂದು ಬಿಟ್ಟ.

ಅದೇ ಹೊತ್ತಿಗೆ ಗುಂಡಿ ತರಲು ಪೇಟೆಗೆ ಬಂದಿದ್ದ ದರ್ಜಿ ಆ ಬದಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಸೌಟಪ್ಪನವರು ಜಂಬದಿಂದ ಕೈಬೀಸಿ, ನಾನು ಇವರನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಸನ್ನೆ ಮಾಡಿದರು. ದರ್ಜಿ ತಲೆಯಾಡಿಸಿದ. ಯಾಕೋ ಅವನ ಮುಖದಲ್ಲಿ ಮೆಚ್ಚುಗೆಗಿಂತ ಕನಿಕರವೇ ಹೆಚ್ಚಾಗಿ ಕಂಡಿತು.

ಅಂತೂ ಕೇಂದ್ರ ಸೇರಿದರು. ಮೊದಲ ಕೆಲಸ ಮುಗಿಸಿ ಹೊರಬಂದವರೇ, ಸೌಟಪ್ಪನವರು ಡ್ರೈವರನ್ನು ಶಾಖ ಕೊಡುವ ಕೋಣೆಗೆ ದಬ್ಬಿದರು. ಆ ಓರೆ ಸೊಂಟಕ್ಕೆ ಏನಾದರೂ ಮಾಡಲೇಬೇಕಿತ್ತು. ಆದರೆ ತಮ್ಮನ್ನೂ ಅವರು ಅಷ್ಟೇ ಜೋರಾಗಿ ದಬ್ಬುತ್ತಿದ್ದಾರೆಂದು ಅವರಿಗೆ ಅನ್ನಿಸಿತು.

"ಪೇಷಂಟ್ ಯಾರು?" ಎಂದಳು ಒಳಗಿದ್ದ ಹುಡುಗಿ.

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

"ಹೆದರಿಕೆ ಅವರಿಗೆ" ಎಂದು ಸೌಟಪ್ಪನವರು ಅವಳ ಕಿವಿಯಲ್ಲಿ ಪಿಸುಗುಟ್ಟಿ, ಡ್ರೈವರ್ ಕಡೆ ತಿರುಗಿದರು. "ಏನೂ ನೋವಾಗಲ್ಲ. ನೋಡಿ, ಧೈರ್ಯಕ್ಕೆ ನಾನೂ ಮಲಗ್ತೀನಿ."

"ನೀವು ಮಲಗೋದಾದ್ರೆ ನಾನೂ ಮಲಗ್ತೀನಿ, ಅದಕ್ಕೇನಂತೆ" ಎಂದರು ಡ್ರೈವರ್, ಮಗುವನ್ನು ರಮಿಸುವ ದನಿಯಲ್ಲಿ.

ಎರಡು ಮಂಚಗಳ ಮೇಲೆ ಇಬ್ಬರೂ ಮಲಗಿದರು. ಹುಡುಗಿ ಒಬ್ಬರ ಮೊಣಕಾಲಿಗೂ ಇನ್ನೊಬ್ಬರ ಸೊಂಟಕ್ಕೂ ಬಿಸಿ ಚೀಲ ಕಟ್ಟಿದಳು. ಸೌಟಪ್ಪನವರ ಬಾಯಿಂದ ಅವರಿಗೇ ತಿಳಿಯದಂತೆ "ಆಹಾ" ಎಂಬ ಸದ್ದು ಹೊರಟಿತು. ಎದ್ದಾಗ ಕಾಲು ಎಷ್ಟೋ ಹಗುರವಾಗಿತ್ತು. ಒಳ್ಳೆಯ ಕೆಲಸ ಮಾಡಿದರೆ ದೇಹಕ್ಕೂ ಗೊತ್ತಾಗುತ್ತದೆ ಎಂದುಕೊಂಡರು.

ಮಧ್ಯಾಹ್ನ ಕೇಂದ್ರದ ಅಡುಗೆಮನೆ ಅವರನ್ನು ಕರೆಯದೆಯೇ ಕರೆಯಿತು. ಅಲ್ಲಿನ ಅಡುಗೆಯವಳು ತಡೆಯುವ ಮೊದಲೇ ಸೌಟು ಇವರ ಕೈಯಲ್ಲಿತ್ತು. ಆಲೂಗಡ್ಡೆಯನ್ನು ಒಂದೇ ಅಳತೆಗೆ ಹೆಚ್ಚಿದರು. ಹುರಿದರು, ಕುದಿಸಿದರು, ಉಪ್ಪನ್ನು ಹಳೆಯ ಅಭ್ಯಾಸದ ಮೇಲೆ ಹಿಡಿಹಿಡಿಯಾಗಿ ಹಾಕಿದರು. ತಟ್ಟೆ ತಂದು ಡ್ರೈವರ್ ಮುಂದಿಟ್ಟು, ಎದುರಿಗೇ ಕೂತರು.

ಡ್ರೈವರ್ ಒಂದು ತುತ್ತು ಬಾಯಿಗಿಟ್ಟರು. ಅವರ ಕಣ್ಣಲ್ಲಿ ನೀರು ತುಂಬಿತು.

"ಎಷ್ಟು ದಿನ ಆಯ್ತೋ ಪಾಪ, ಇಂಥ ಊಟ ಮಾಡಿ" ಎಂದರು ಸೌಟಪ್ಪನವರು, ತಾವೂ ಕಣ್ಣೊರೆಸಿಕೊಂಡು.

"ಇಂಥದ್ದು... ಈವರೆಗೆ ಮಾಡಿಲ್ಲ" ಎಂದು ಡ್ರೈವರ್ ತಟ್ಟೆ ಪೂರ್ತಿ ಖಾಲಿ ಮಾಡಿ, ಒಂದು ತಂಬಿಗೆ ನೀರು ಕುಡಿದರು. ಆಮೇಲೆ ಇನ್ನೊಂದು ತಂಬಿಗೆ ಕುಡಿದರು.

ಮನೆಗೆ ವಾಪಸಾಗಲು ಬಸ್ಸು ಹತ್ತಿದರು. ಡ್ರೈವರ್ ಮುಂದಿನ ಸೀಟಲ್ಲಿ ಕೂತವರೇ, ಬಸ್ಸಿನವನಿಗೆ ಪಾಠ ಶುರು ಮಾಡಿದರು. "ಈಗ ಎರಡನೇ ಗೇರ್. ಅಯ್ಯೋ, ಕ್ಲಚ್ ಮೇಲಿಂದ ಕಾಲು ತೆಗಿಯಪ್ಪ! ತಿರುವಿನಲ್ಲಿ ಹೀಗಾ ತಿರುಗಿಸೋದು?" ಮೂರನೆಯ ತಿರುವಿನಲ್ಲಿ ಬಸ್ಸಿನವನು ಗಾಡಿ ನಿಲ್ಲಿಸಿ, ಎದ್ದು ನಿಂತು, ಬಾಗಿಲು ತೋರಿಸಿದ. ಗೆಳೆಯನನ್ನು ಒಂಟಿಯಾಗಿ ಬಿಡುವಂತಿಲ್ಲವಲ್ಲ, ಸೌಟಪ್ಪನವರೂ ಇಳಿದರು.

ದಾರಿಬದಿಯ ಗಿಡ್ಡ ಗೋಡೆಯ ಮೇಲೆ ಇಬ್ಬರೂ ದಣಿವಾರಿಸಿಕೊಳ್ಳಲು ಕೂತರು.

"ನನ್ನ ಲಾರಿ ಹಿಂದೆ ನಲವತ್ತು ಲಾರಿ ಬರ್ತಿದ್ವು" ಎಂದರು ಡ್ರೈವರ್. "ನಾನು ನಿಂತ್ರೆ ನಿಲ್ತಿದ್ವು, ನಾನು ಹೊರಟ್ರೆ ಹೊರಡ್ತಿದ್ವು. ಈಗ ಮನೇಲಿ ಕಾರು ಹೆಂಡತಿನೇ ಓಡಿಸ್ತಾಳೆ. ಪಕ್ಕದಲ್ಲಿ ಕೂತು ದಾರಿ ಹೇಳಿದ್ರೆ ಕೀಲಿಕೈ ಬಚ್ಚಿಟ್ಕೋತಾಳೆ."

ಸೌಟಪ್ಪನವರು ಮೊಣಕಾಲು ನೀವಿಕೊಂಡರು. "ನನ್ನ ಮುಂದೆ ಆರುನೂರು ತಟ್ಟೆ ಸಾಲಾಗಿ ಬರ್ತಿತ್ತು. ಒಬ್ಬೊಬ್ಬನ ಮುಖ ನೋಡಿ ಎಷ್ಟು ಹಸಿವು ಅಂತ ಹೇಳ್ತಿದ್ದೆ. ಈಗ ಮನೇಲಿ ಎರಡೇ ತಟ್ಟೆ. ಅದರಲ್ಲಿ ಒಂದು ನನ್ನದೇ."

ಹೇಳಿದ ಮೇಲೆ ಅವರ ಎದೆ ಹಗುರಾಯಿತು. ಈ ಮಾತನ್ನು ಅವರು ಹೆಂಡತಿಯ ಹತ್ತಿರವೂ ಆಡಿರಲಿಲ್ಲ. ಪಾಪದ ಮನುಷ್ಯ, ನನ್ನ ಕಷ್ಟ ಕೇಳುತ್ತ ತನ್ನದನ್ನು ಮರೆತ ಎಂದುಕೊಂಡು, ಡ್ರೈವರ್ ಬೆನ್ನು ತಟ್ಟಿದರು. ಡ್ರೈವರ್ ಇವರ ಬೆನ್ನು ತಟ್ಟಿದರು.

ಅಗಲಿದ ಮೇಲೆ ಸೌಟಪ್ಪನವರು ಮೇಡಂಗೆ ಫೋನ್ ಮಾಡಿ ವರದಿ ಒಪ್ಪಿಸಿದರು. "ಒಂದೇ ಒಂದು ನಿಮಿಷ ಬಿಟ್ಟು ಹೋಗಿಲ್ಲ ಮೇಡಂ. ಆದ್ರೆ ಒಂದು ದಿನ ಏನೇನೂ ಸಾಲದು. ಆ ಮನುಷ್ಯನಿಗೆ ವಾರಕ್ಕೆ ಮೂರು ದಿನವಾದ್ರೂ ಬೇಕು!"

"ಆಶ್ಚರ್ಯ! ಖಂಡಿತ ಮಾಡೋಣ" ಎಂದರು ಮೇಡಂ. ಏನು ಆಶ್ಚರ್ಯ ಎಂದು ಕೇಳುವ ಮೊದಲೇ ಫೋನ್ ಇಟ್ಟುಬಿಟ್ಟರು.

ಸೌಟಪ್ಪನವರು ಎದೆಯುಬ್ಬಿಸಿಕೊಂಡು ಬೀದಿಗೆ ಬಂದರು. ದರ್ಜಿಯ ಅಂಗಡಿಯಲ್ಲಿ ಸಾಕ್ಷಿಗಳಿಬ್ಬರೂ ಕಾದಿದ್ದರು.

"ಹೇಗಿದ್ದೀರಿ ಈಗ?" ಎಂದು ದರ್ಜಿ ಮೆಲ್ಲಗೆ ಕೇಳಿದ. "ಯಾರೋ ಪುಣ್ಯಾತ್ಮ ಕೈಹಿಡಿದು ರಸ್ತೆ ದಾಟಿಸ್ತಿದ್ರಲ್ಲ."

"ಅವರನ್ನ ನಾನು ದಾಟಿಸ್ತಿದ್ದೆ!"

"ಹೌದು ಹೌದು" ಎಂದರು ಮೇಷ್ಟರು, ಪರೀಕ್ಷೆಯಲ್ಲಿ ನಪಾಸಾದವನನ್ನು ಸಮಾಧಾನ ಮಾಡುವ ಹಾಗೆ.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಸೌಟಪ್ಪನವರ ಹೆಂಡತಿ ಇಳಿದರು. ತಲೆಯ ಮೇಲೆ ಹೊಸ ಟೋಪಿ, ಕೈಯಲ್ಲಿ ಅರ್ಧ ತಿಂದ ಐಸ್‌ಕ್ರೀಮ್, ಮುಖದಲ್ಲಿ ವರ್ಷಗಳಿಂದ ಕಾಣದ ಕಳೆ. ಕಾರು ಓಡಿಸುತ್ತಿದ್ದ ಹೆಂಗಸು ಕೈಬೀಸಿ ಹೊರಟರು. ತಿರುವಿನಲ್ಲಿ ಗೇರ್ ಬದಲಿಸಿದ ಸದ್ದು ಇಡೀ ಬೀದಿಗೆ ಕೇಳಿಸಿತು.

"ಎಲ್ಲಿಗೆ ಹೋಗಿದ್ದೆ?"

"ಕೆರೆಯಲ್ಲಿ ದೋಣಿ ಮೇಲೆ. ಆಮೇಲೆ ಸಿನಿಮಾಕ್ಕೆ."

"ನಾನು ಗೆದ್ದೆ ಕಣೇ! ದಿನವಿಡೀ ಒಬ್ಬರನ್ನ ನೋಡ್ಕೊಂಡೆ."

"ಗೊತ್ತು. ಡ್ರೈವರ್ ಅವರನ್ನ ತಾನೇ? ಈಗ ಬಂದವರು ಅವರ ಹೆಂಡತಿ." ಆಕೆ ಐಸ್‌ಕ್ರೀಮಿನ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡರು. "ಸೈನಿಕರ ಮನೆಯವರಿಗೂ ಅನುಕೂಲ ಇದೆ ಅಂದಿರಲಿಲ್ಲವಾ? ಅದರಲ್ಲಿ ಒಂದು, ಬಿಡುವಿನ ದಿನ. ಗಂಡನ್ನ ನೋಡ್ಕೊಳ್ಳೋಕೆ ಕೇಂದ್ರದವರೇ ಒಬ್ಬರನ್ನ ಕಳಿಸ್ತಾರೆ, ಹೆಂಡತಿ ಆರಾಮಾಗಿ ಓಡಾಡಬಹುದು. ನಾನು ಕೇಳ್ಕೊಂಡಿದ್ದೆ, ಅವರೂ ಕೇಳ್ಕೊಂಡಿದ್ರು. ಮೇಡಂ ನಿಮ್ಮನ್ನ ಅವರಿಗೆ, ಅವರನ್ನ ನಿಮಗೆ ಒಪ್ಪಿಸಿದ್ರು."

ಸೌಟಪ್ಪನವರು ಇಂಗು ತಿಂದ ಮಂಗನಂತೆ ನಿಂತರು. ದರ್ಜಿ ಏನನ್ನೋ ಹುಡುಕುವವನಂತೆ ಹೊಲಿಗೆ ಯಂತ್ರದ ಹಿಂದೆ ಬಗ್ಗಿ ನಕ್ಕ.

"ನೋಡ್ಕೊಂಡದ್ದು ನಿಜ ತಾನೇ? ಹಾಗಾದ್ರೆ ಗೆದ್ದ ಹಾಗೇ" ಎಂದರು ಸೌಟಪ್ಪನವರು ಕ್ಷೀಣವಾಗಿ.

"ನಿಮ್ಮನ್ನೂ ಒಬ್ಬರು ನೋಡ್ಕೊಂಡ್ರು. ಶಾಖದ ಮಂಚದ ಮೇಲೂ ಮಲಗಿದ್ರಂತೆ. ಉಳಿದದ್ದು ಅಡುಗೆಮನೆ ಹೊಸ್ತಿಲು. ಅಲ್ವಾ ಮೇಷ್ಟ್ರೇ?"

"ಮಾತಂದ್ರೆ ಮಾತು" ಎಂದರು ಮೇಷ್ಟರು.

"ಇನ್ನೊಂದು ವಿಷಯ. ಮೇಡಂ ಈಗಷ್ಟೇ ಫೋನ್ ಮಾಡಿದ್ರು. ಡ್ರೈವರ್ ಅವರಿಗೆ ವಾರಕ್ಕೆ ಮೂರು ದಿನ ಬೇಕು ಅಂತ ನೀವಂದ್ರಂತೆ. ನಿಮ್ಮ ಬಗ್ಗೆ ಅವರೂ ಅದನ್ನೇ ಅಂದ್ರಂತೆ. ಎರಡೂ ಮಂಜೂರಾಯ್ತು. ಸೋಮವಾರ, ಬುಧವಾರ, ಶುಕ್ರವಾರ. ನಾನೂ ಅವರ ಹೆಂಡತಿನೂ ಈಜು ಕಲಿಯೋಕೆ ಸೇರ್ಕೊಂಡಿದ್ದೀವಿ."

ರಾತ್ರಿ ಊಟಕ್ಕೆ ಸೌಟಪ್ಪನವರು ಹೊಸ್ತಿಲಿನ ಈಚೆ ತಟ್ಟೆ ಹಿಡಿದು ನಿಂತರು. ಹೆಂಡತಿ ಆಚೆಯಿಂದ ಬಡಿಸಿದರು. ಈರುಳ್ಳಿಯ ಅಣ್ಣ ತಮ್ಮಂದಿರು ತಟ್ಟೆ ತುಂಬ ಇದ್ದರು. ಕನ್ನಡಕ ಏರಿಸದೆಯೇ ಹೋಗಿ ಕೂತರು. ಅಷ್ಟರಲ್ಲಿ ಫೋನ್ ಬಂತು.

"ಗೊತ್ತಾಯ್ತಾ?" ಎಂದರು ಡ್ರೈವರ್.

"ಗೊತ್ತಾಯ್ತು."

ಯಾರು ಮೊದಲು ಶುರುಮಾಡಿದರೋ, ಇಬ್ಬರೂ ನಗತೊಡಗಿದರು.

"ಸೋಮವಾರ ಫ್ಲಾಸ್ಕ್ ಒಂದೇ ತರೋಣ. ಊಟ ಮಾತ್ರ ನಮ್ಮ ಮನೆಯಿಂದ ತರ್ತೀನಿ" ಎಂದರು ಡ್ರೈವರ್. "ತಪ್ಪು ತಿಳ್ಕೋಬೇಡಿ ಯಜಮಾನರೇ. ಇವತ್ತು ನೀವು ಹಾಕಿದ ಉಪ್ಪು ಆರುನೂರು ಜನಕ್ಕೂ ಸಾಕಾಗ್ತಿತ್ತು."

ಸೌಟಪ್ಪನವರಿಗೆ ಆ ಕಣ್ಣೀರು ನೆನಪಾಯಿತು, ಎರಡು ತಂಬಿಗೆ ನೀರೂ ನೆನಪಾಯಿತು. ಫೋನ್ ಇಟ್ಟು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ತುತ್ತು ಹಾಕಿಕೊಂಡರು.

"ಉಪ್ಪು ಹದವಾಗಿದೆ ಕಣೇ" ಎಂದರು. "ಚೆನ್ನಾಗಿದೆ."

ಅಡುಗೆಮನೆಯಲ್ಲಿ ಏನೋ ಕೈಜಾರಿ ಬಿದ್ದ ಸದ್ದಾಯಿತು. ಹೆಂಡತಿ ಓಡಿ ಬಂದು ಅವರ ಹಣೆ ಮುಟ್ಟಿದರು, ಕತ್ತು ಮುಟ್ಟಿದರು.

"ಅಯ್ಯೋ, ಮೈ ಹುಷಾರಿಲ್ಲವಾ? ಕೂತಿರಿ, ಏಳಬೇಡಿ" ಎಂದು ಫೋನ್ ಎತ್ತಿಕೊಂಡರು. "ಮೇಡಂಗೆ ಹೇಳ್ತೀನಿ. ನಿಮಗೆ ಮೂರು ದಿನ ಸಾಲಲ್ಲ."