ಗೋಲು ಹೊಡೆಯದವಳಿಗೆ ಇನಾಮು

ನಮ್ಮ ಕಾಕಾ ಹದಿನೆಂಟು ವರ್ಷ ಫುಟ್‌ಬಾಲ್ ಆಡಿದರು. ಹೊಡೆದದ್ದು ಒಂದೇ ಒಂದು ಗೋಲು. ಅದೂ ತಮ್ಮದೇ ತಂಡದ ಗೋಲಿನೊಳಗೆ! ಆದರೂ ಬೀದರಿನಲ್ಲಿ ತಮ್ಮಂಥ ಆಟಗಾರ ಇನ್ನೊಬ್ಬ ಹುಟ್ಟಿಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಬೇಕಾದರೆ ಮೈಲೂರಿನ ಅವರ ಮನೆಗೆ ಹೋಗಿ ಕೇಳಿ. ಆದರೆ ಹೊತ್ತು ಮುಳುಗುವುದರೊಳಗೆ ತಿರುಗಿ ಬರುವ ಆಸೆಯನ್ನು ಬಿಟ್ಟು ಹೋಗಿ.

ಕಾಕಾ ಆಡುತ್ತಿದ್ದದ್ದು ಬ್ಯಾಕ್. ಅಂದರೆ ಗೋಲ್ ಕಂಬಗಳ ಮುಂದೆ ನಿಂತು, ಚೆಂಡು ತಂದವರನ್ನು ತಡೆದು ವಾಪಸು ಕಳಿಸುವ ಕೆಲಸ. ಆಟ ಬಿಟ್ಟು ಎಷ್ಟೋ ವರ್ಷವಾಯಿತು. ತಡೆಯುವುದನ್ನು ಮಾತ್ರ ಬಿಟ್ಟಿಲ್ಲ. ಗಾಂಧಿ ಗಂಜ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಅವರು ಲೆಕ್ಕ ಬರೆಯುವ ಮುನೀಮರು. ಒಮ್ಮೆ ಗೂಳಿಯೊಂದು ಅಂಗಡಿಯ ಮುಂದಿನ ತೊಗರಿ ರಾಶಿಗೆ ಬಾಯಿ ಹಾಕಲು ಬಂತು. ಹಮಾಲರು ಬಡಿಗೆ ಹುಡುಕುತ್ತಿದ್ದರೆ ಕಾಕಾ ಕೈ ಅಗಲಿಸಿ, ಮೊಣಕಾಲು ಬಗ್ಗಿಸಿ, ಅದರೆದುರು ಓರೆಯಾಗಿ ನಿಂತರು. ಗೂಳಿ ಎಡಕ್ಕೆ ಹೊರಳಿದರೆ ಕಾಕಾನೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಕೊನೆಗೆ ಗೂಳಿಗೇ ಬೇಸರವಾಗಿ ಪಕ್ಕದ ಅಂಗಡಿಯ ಕಡಲೆಯತ್ತ ನಡೆಯಿತು.

"ಬಾಲ್ ನೋಡಬಾರದ್ರಿ," ಅಂದರು ಕಾಕಾ, ಪ್ಯಾಂಟು ಝಾಡಿಸುತ್ತ. "ಮೊಣಕಾಲು ನೋಡಬೇಕು. ಅದು ಯಾವ ಕಡಿ ಹೊಳ್ಳತದೋ ಆಸಾಮಿ ಆ ಕಡಿ."

ಗೂಳಿಯ ಯಾವ ಮೊಣಕಾಲು ನೋಡಿದರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಭಾಲ್ಕಿಯ ಬೀಗರ ಮನೆಯ ಮದುವೆಯಲ್ಲೂ ಹೀಗೇ. ಊಟ ಮಾಡದೆ ಯಾರೂ ಹೋಗಬಾರದೆಂದು ಕಾಕಾ ಮಂಟಪದ ಬಾಗಿಲಲ್ಲಿ ಕೈ ಅಗಲಿಸಿ ನಿಂತರು. "ಉಂಡೇವ್ರಿ" ಅಂದವರನ್ನೂ ನಂಬಲಿಲ್ಲ. ಅವತ್ತು ಬಾಗಿಲು ದಾಟಲಾರದೆ ಎರಡೆರಡು ಸಲ ಉಂಡವರಿದ್ದಾರೆ!

ಇಂಥವರನ್ನು ಹೋದ ವರ್ಷ ಹೆಣ್ಣುಮಕ್ಕಳ ಕಾಲೇಜು ಪಂದ್ಯಾವಳಿಯಲ್ಲಿ ಅತ್ಯುತ್ತಮ ಆಟಗಾರ್ತಿಯನ್ನು ಆರಿಸುವ ಮೂವರಲ್ಲಿ ಒಬ್ಬರನ್ನಾಗಿ ಕೂರಿಸಿದರು. ಹಳೆಯ ಆಟಗಾರರು, ಶಾಲು ಹೊದ್ದು, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಾರೆ ಅಂದುಕೊಂಡಿದ್ದರು, ಪಾಪ! ಫೈನಲ್ ನಡೆದದ್ದು ಬೀದರಿಗೂ ಔರಾದಿಗೂ. ಬೀದರ ಗೆದ್ದದ್ದು ಒಂದೇ ಗೋಲಿನಿಂದ. ಆ ಗೋಲು ಹೊಡೆದವಳು ಯಾರು ಗೊತ್ತೇ? ಕಾಕಾನ ಸ್ವಂತ ಮಗಳು! ಮೊದಲ ಪಂದ್ಯದಿಂದಲೂ ಗೋಲು ಹೊಡೆಯುತ್ತಲೇ ಬಂದಿದ್ದ ಹುಡುಗಿ. ಅತ್ಯುತ್ತಮ ಆಟಗಾರ್ತಿಯ ಕಪ್ ಅವಳಿಗೇ ಎಂದು ಎಲ್ಲರಿಗೂ ಖಾತ್ರಿಯಿದ್ದುದರಿಂದ, ಅವಳ ಅಪ್ಪನೇ ಆರಿಸಲು ಕೂತದ್ದಕ್ಕೂ ಯಾರೂ ತಕರಾರು ತೆಗೆದಿರಲಿಲ್ಲ.

"ನಿಮ್ಮ ಮಗಳ ಹೆಸರು ಬರದೇವ್ರಿ, ಸಹಿ ಹಾಕ್ರಿ," ಎಂದು ಕಾಗದ ಮುಂದಿಟ್ಟವರು ಪಕ್ಕದಲ್ಲಿದ್ದ ಎರಡನೆಯವರು, ಕ್ರೀಡಾ ಸಂಘದವರು. ನಾನು ಕಾಕಾನ ಬೆನ್ನ ಹಿಂದೆಯೇ ಕೂತಿದ್ದೆ.

"ಔರಾದಿನ ನಾಕನೇ ನಂಬರಿನ ಹುಡುಗಿ," ಅಂದರು ಕಾಕಾ.

"ಸೋತವರಿಗಿ ಇನಾಮಾ? ಆಕಿ ಒಂದರೆ ಗೋಲ್ ಹೊಡದಾಳೇನ್ರಿ?"

"ಹೊಡದಿಲ್ಲ. ಒಂಬತ್ತು ಗೋಲ್ ಆಗಗೊಟ್ಟಿಲ್ಲ. ನಾ ಎಣಿಸೇನಿ. ಆಕಿ ಇರದಿದ್ದರ ಔರಾದ ಫೈನಲ್ ತನಕ ಬರ್ತಿತ್ತೇನ್ರಿ?"

"ನೀವು ಬ್ಯಾಕ್ ಆಡಿದವ್ರು. ಅದಕ್ಕೇ ಬ್ಯಾಕಿನ ಕಡಿ ಮಾತಾಡ್ಲತ್ತೀರಿ!"

ಕಾಕಾ ಕಾಗದವನ್ನು ಆಚೆ ಸರಿಸಿದರು. "ಹೌದ್ರಿ, ಆಡೇನಿ. ಅದಕ್ಕೇ ನನಗ ಕಾಣಸ್ತದ. ಗೋಲ್ ಆದರ ಇಡೀ ಮೈದಾನ ನೋಡ್ತದ. ಆಗದಿದ್ದದ್ದು ಯಾರ್ ನೋಡ್ತಾರ?"

ಮೂರನೆಯವರು ನಿವೃತ್ತ ಮೇಷ್ಟ್ರು. ಅಲ್ಲಿಯವರೆಗೆ ತುಟಿ ಬಿಚ್ಚದವರು ಕಾಗದ ಎಳೆದುಕೊಂಡು, ಬರೆದ ಹೆಸರನ್ನು ಹೊಡೆದುಹಾಕಿದರು. ಒಬ್ಬರ ಎದುರು ಇಬ್ಬರ ಮಾತು ಗೆದ್ದಿತು. ಕಾಕಾ ಚೀಟಿಯಲ್ಲಿ ಹುಡುಗಿಯ ಹೆಸರು, ಅವಳಪ್ಪನ ಹೆಸರು, ಊರು ಎಲ್ಲ ಬರೆದು, "ಪೂರಾ ಓದ್ರಿ, ಜೋರಾಗಿ ಓದ್ರಿ," ಎಂದು ಮೈಕಿನವರಿಗೆ ಕೊಟ್ಟರು.

ಹೆಸರು ಕೂಗಿದಾಗ ಆ ಹುಡುಗಿ ಏಳಲೇ ಇಲ್ಲ. ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು; ತನ್ನನ್ನಲ್ಲ ಅಂದುಕೊಂಡಳು. ಅವಳಿಗಿಂತ ಮೊದಲು ಎದ್ದವರು ಹಿಂದೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಕೂತಿದ್ದ ಒಬ್ಬರು.

"ನಮ್ಮೂರು ಎಕಂಬಾ ಅಂದ್ರಾ?" ಪಕ್ಕದವರ ತೋಳು ಹಿಡಿದು ಕೇಳುತ್ತಿದ್ದರು. "ನನ್ನ ಹೆಸರೇ ಓದಿದ್ರಲ್ರಿ! ನಮ್ಮಾಕಿಗೇನ್ರಿ ಅದು? ನಮ್ಮಾಕಿಗಾ?"

ಗೆಳತಿಯರು ದಬ್ಬಿ ಎಬ್ಬಿಸಿದ ಮೇಲೆ ಹುಡುಗಿ ಬರಿಗಾಲಲ್ಲೇ ಹೋಗಿ ಕಪ್ ಇಸಿದುಕೊಂಡಳು. ನಮ್ಮ ಹುಡುಗಿ ಮೈದಾನದ ಆಚೆಯಿಂದ ಅಪ್ಪನನ್ನು ಒಮ್ಮೆ ನೋಡಿದಳು, ಅಷ್ಟೇ. ಅಪ್ಪನ ಸ್ಕೂಟರು ಹತ್ತದೆ ನನ್ನ ಗಾಡಿಯ ಮೇಲೆ ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳ ಹಣೆ ನನ್ನ ಬೆನ್ನಿಗೆ ಒತ್ತಿಕೊಂಡಿತ್ತು, ಅಂಗಿ ಒದ್ದೆಯಾಯಿತು.

ಆಮೇಲೆ ಮನೆಯಲ್ಲಿ ನಡೆದದ್ದೇ ನಿಜವಾದ ಫೈನಲ್. ಮಗಳು ಮಾತು ಬಿಟ್ಟಳು. ಕಾಕು ಗಂಡನಿಗೆ ರೊಟ್ಟಿ ಬಡಿಸಿ ಪಲ್ಯ ಬಡಿಸುವುದನ್ನು ಮರೆತರು. ಮೂರು ದಿನ ಮರೆತರು!

ನಾಲ್ಕನೆಯ ದಿನ ಹೋದಾಗ ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನನಗೂ ಸಿಟ್ಟಿತ್ತು. "ಕಾಕಾ, ನಿಮ್ಮ ಮಗಳಿಗಿ ಒಂದು ಕಪ್ ಸಿಕ್ಕಿದ್ದರ ಏನ್ ಹೋಗ್ತಿತ್ರಿ?" ಎಂದೆ.

"ನಮ್ಮಾಕಿ ಗೋಲ್ ಹೊಡದಾಗ ನಾ ಕುರ್ಚಿ ಮ್ಯಾಲ ನಿಂತಿದ್ದೆ, ನೀ ನೋಡಿಲ್ಲೇನು?" ಅಂದರು ಕಾಕಾ. "ನಮ್ಮಪ್ಪ ಒಂದೇ ಸಲ ನನ್ನ ಮ್ಯಾಚ್ ನೋಡ್ಲಕ ಬಂದಿದ್ದ. ಅವತ್ತು ನನ್ನ ಕಡಿಂದ ಒಂದು ಬಾಲ್ ದಾಟಲಿಲ್ಲ. ಗೆದ್ದೇವು. ಗೋಲ್ ಹೊಡದಾಂವಗ ಹೊತ್ಕೊಂಡು ಕುಣಿದ್ರು. ಹೊಳ್ಳಿ ಬರಬೇಕಾದರ ದಾರ್ಯಾಗ ಅಪ್ಪ ಕೇಳಿದ, 'ತಮ್ಮಾ, ನಿನಗ ಯಾಕ ಆಡ್ಲಕ ಕೊಡಲಿಲ್ಲ? ಸುಮ್ನ ಹಿಂದ ನಿಂದ್ರಿಸಿದ್ರಲ್ಲ!' ಅಂತ."

ನಾನು ಕೇಳಿದೆ, "ನೀವೇನಂದ್ರಿ?"

"ಏನನ್ನಲಿ? ಮುಂದಿನ ಸಲ ಕೊಡ್ತಾರ, ಬಾ ಅಂದೆ. ಮುಂದ ಅಂವ ಬರಲೇ ಇಲ್ಲ."

ಒಳಬಾಗಿಲಲ್ಲಿ ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ! ಬಂದು, ಅಪ್ಪನ ಪಕ್ಕ ನೆಲದ ಮೇಲೆ ಕೂತಳು.

"ಅಪ್ಪಾ, ಮುತ್ಯಾ ಬಂದಾಗ ನೀ ಏನೇನು ತಡದಿ, ಒಂದೊಂದೇ ಹೇಳು. ನಾ ಕೇಳ್ತೇನಿ."

ಕಾಕಾ ಅಂಗೈಯಿಂದ ಮುಖ ಒರೆಸಿಕೊಂಡರು.

"ಮೊದಲನೇದು," ಅಂದರು, "ಎಡಗಡಿಯಿಂದ ಬಂತು..."